ಕ್ಯಾಬಿನ್‌ಗೆ ಕಣ್ಣು, ಷಾಸಿಗೆ ಕೈ

1/24 ಅಳತೆಯ (ನಿಜವಾದ ಲಾರಿಗಿಂತ 24 ಪಟ್ಟು ಚಿಕ್ಕ) ಪ್ಲಾಸ್ಟಿಕ್ ಟ್ರಕ್ ಮಾಡೆಲ್ ಜೋಡಿಸುವ ಕಿಟ್ ಬಿಚ್ಚಿದ ಕೂಡಲೇ ಎಲ್ಲರ ಕಣ್ಣೂ ಕ್ಯಾಬಿನ್ ಮೇಲೆ. ಕೈಕೊಡೋದು ಮಾತ್ರ ಷಾಸಿ, ಅಂದರೆ ಲಾರಿಯ ತಳದ ಚೌಕಟ್ಟು. ಉದ್ದದ ಎರಡು ಪಟ್ಟಿ, ನಡುವೆ ಅಡ್ಡಪಟ್ಟಿಗಳು, ಅಷ್ಟೇ. ಆದರೆ ಕೈಯಲ್ಲಿ ಹಿಡಿದು ಅಂಟಿಸಿದಾಗ ಅರ್ಧ ಮಿ.ಮೀ. ತಿರುಚಿಕೊಂಡರೂ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತೆ. ಗಾಜಿನ ತುಂಡಿನ ಮೇಲೆ ಮಲಗಿಸಿ, ಭಾರ ಇಟ್ಟು, ರಾತ್ರಿಯಿಡೀ ಬಿಡಿ. ಆಕ್ಸಲ್ ಆಮೇಲೆ.

ಕ್ರೋಮ್ ಬಂಪರ್ ಅಂಟೋದೇ ಇಲ್ವಾ? ಕಿಟ್ ಜೋಡಿಸುವ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ಲೋಹದ ಪದರ ಅದಕ್ಕೆ ಅಡ್ಡ. ಕೂಡುವ ಜಾಗದಲ್ಲಷ್ಟೇ ಬ್ಲೇಡಿನಿಂದ ಕೆರೆದುಬಿಡಿ.

ಕರಾವಳಿ, ಮಲೆನಾಡಿನವರು ಜುಲೈನಲ್ಲಿ ಲ್ಯಾಕರ್ ಸ್ಪ್ರೇ (ಥಿನ್ನರ್ ಬೆರೆತ, ಬೇಗ ಆರುವ ಬಣ್ಣ) ಮುಟ್ಟದಿದ್ದರೆ ಒಳ್ಳೇದು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಕೂರುತ್ತೆ, ಕೆಂಪು ಕ್ಯಾಬಿನ್‌ಗೆ ಬೂದಿ ಬಳಿದಂತೆ ಬಿಳಿಚು.

ಇನ್ನು, ಮಾಡೆಲ್ ರಸ್ತೆಯಲ್ಲಿ ಓಡಿಬಂದಂತೆ ಕಾಣಲು ಹಚ್ಚುವ ಕೆಸರು. ನಿಜವಾದ ಲಾರಿಯ 1 ಸೆಂ.ಮೀ. ಹೆಂಟೆ ಇಲ್ಲಿ 0.4 ಮಿ.ಮೀ. ಅಂಗಳದ ಮಣ್ಣು ಹಾಗೇ ಮೆತ್ತಿದರೆ ಲಾರಿ ಬಂಡೆಗಳ ಮೇಲೆ ಉರುಳಿ ಬಂದಂತೆ ಕಾಣುತ್ತೆ. ಪಿಗ್ಮೆಂಟ್ ಪುಡಿಯೇ (ನುಣ್ಣನೆಯ ಬಣ್ಣದ ಪುಡಿ) ಸರಿ, ಅದೂ ಮಡ್‌ಫ್ಲ್ಯಾಪ್, ಚಕ್ರದ ಹಿಂಬದಿ, ಡೀಸೆಲ್ ಟ್ಯಾಂಕಿನ ಕೆಳ ಅಂಚಿಗೆ ಮಾತ್ರ. ನಿಜವಾದ ಲಾರಿಯನ್ನು ಕ್ಲೀನರ್ ದಿನಾ ತಿಕ್ಕುತ್ತಾನೆ. ನಾವು ಕೂತು ಅದಕ್ಕೆ ಕೊಳೆ ಹಚ್ಚುತ್ತೇವೆ, ತಮಾಷೆ ನೋಡಿ. ಗಾಜಿನ ಮೇಲೆ ಧೂಳು ಹಾಕುವ ಮುಂಚೆ ವೈಪರ್ ಓಡಾಡುವ ಕಮಾನಿಗೆ ಟೇಪ್ ಕತ್ತರಿಸಿ ಅಂಟಿಸಿಕೊಳ್ಳಿ, ಆಮೇಲೆ ಕಿತ್ತರೆ ಅಷ್ಟು ಜಾಗ ಒರೆಸಿದಂತೆ ಉಳಿಯುತ್ತೆ.