ವಿನಿಗರ್ ಹೊತ್ತು ಹವಳದ ಬಳಿಗೆ

ಶುಕ್ರವಾರ ಆಫೀಸು ಮುಗಿಸಿ ಸಿಂಗಪುರದ ಗಡಿ ದಾಟಿ, ಬೆಳಿಗ್ಗೆ ಮಲೇಷ್ಯಾದ ಮರ್ಸಿಂಗ್‌ನಲ್ಲಿ ದೋಣಿ ಹತ್ತಿದರೆ ಟಿಯೋಮನ್ ದ್ವೀಪ. ಮುರ್ಡೇಶ್ವರದ ನೇತ್ರಾಣಿಯಲ್ಲಿ ಡೈವಿಂಗ್ ಕಲಿತಾಗ ಹಿಡಿದ ಹುಚ್ಚು ನನ್ನನ್ನು ಆಗಾಗ ಅಲ್ಲಿಗೆ ಎಳೆದೊಯ್ಯುತ್ತದೆ. ಆ ಸಲ ಮಾತ್ರ ದೋಣಿಯಲ್ಲಿ ಕ್ಯಾಮೆರಾಗಳಿಗಿಂತ ವಿನಿಗರ್ ಕ್ಯಾನುಗಳೇ ಹೆಚ್ಚಿದ್ದವು. ಅಡುಗೆಗೆ ಬಳಸುವ ಮಾಮೂಲಿ ವಿನಿಗರ್. ಹವಳ ತಿನ್ನುವ ನಕ್ಷತ್ರಮೀನುಗಳನ್ನು ಕೊಲ್ಲಲು ಹೊರಟಿದ್ದ ಸ್ವಯಂಸೇವಕರ ಗುಂಪು ನಮ್ಮದು.

ಹಿಂದಿನ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದೆ. "ಕೈಯಿಂದ ದುಡ್ಡು ಹಾಕಿ ಕೊಲ್ಲೂಕೆ ಹೋಗ್ತೀಯನೇ?" ಎಂದಳು. ಉತ್ತರ ಹೊಳೆಯಲಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನಿಟ್ಟೆ.

ಈ ಪ್ರಾಣಿಯನ್ನು ಮುಳ್ಳಿನ ಕಿರೀಟ ಎನ್ನುತ್ತಾರೆ. ಡೈವರ್‌ಗಳ ಬಾಯಲ್ಲಿ ಅದು ಬರೀ 'ಕಾಟ್ಸ್', 'ಕ್ರೌನ್ ಆಫ್ ಥಾರ್ನ್ಸ್ ಸ್ಟಾರ್‌ಫಿಶ್' ಎಂಬ ಇಂಗ್ಲಿಷ್ ಹೆಸರಿನ ಚುಟುಕು ರೂಪ. ಮೂವತ್ತು ಸೆಂಟಿಮೀಟರ್ ಅಗಲ, ಹದಿನೈದಿಪ್ಪತ್ತು ತೋಳು, ಮೈತುಂಬ ವಿಷದ ಮುಳ್ಳು. ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ ಹವಳದ ಮೇಲೆ ಹಾಸುತ್ತದೆ, ಜೀವಕೋಶಗಳನ್ನು ಅಲ್ಲೇ ಕರಗಿಸಿ ಹೀರುತ್ತದೆ. ಅದು ಎದ್ದು ಹೋದ ಜಾಗದಲ್ಲಿ ಉಳಿಯುವುದು ಬಿಳಿ ಸುಣ್ಣದ ಅಸ್ಥಿಪಂಜರ. ಒಂದೊಂದೂ ವರ್ಷಕ್ಕೆ ಹತ್ತು ಚದರ ಮೀಟರ್‌ವರೆಗೆ ಹವಳ ಖಾಲಿ ಮಾಡಬಲ್ಲದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1985ರಿಂದ 2012ರೊಳಗೆ ಹವಳದ ಹೊದಿಕೆ ಅರ್ಧಕ್ಕಿಳಿಯಿತು. ಆ ನಷ್ಟದಲ್ಲಿ ಶೇ. 42ರಷ್ಟು ಇದರ ಲೆಕ್ಕಕ್ಕೇ ಸೇರುತ್ತದೆ. ಹಾಗಂತ ಇದು ಎಲ್ಲಿಂದಲೋ ಬಂದ ಶತ್ರುವಲ್ಲ, ಅಲ್ಲಿಯದೇ ಜೀವಿ. ಅಲ್ಲೊಂದು ಇಲ್ಲೊಂದು ಇದ್ದರೆ ಬೇಗ ಬೆಳೆಯುವ ಕೊಂಬೆ ಹವಳವನ್ನು ಮೇಯ್ದು, ನಿಧಾನಕ್ಕೆ ಬೆಳೆಯುವವಕ್ಕೆ ಜಾಗ ಮಾಡಿಕೊಡುತ್ತದೆ. ಗುಂಪುಗಟ್ಟಿ ಬಂದಾಗಲೇ ಗಂಡಾಂತರ.

ಹವಳದ ಹತ್ತಿರ ಬಿಡುವ ಮೊದಲು ನಮ್ಮನ್ನೆಲ್ಲ ಮರಳಿನ ತಳದ ಮೇಲೆ ತೇಲಿಸಿ ಪರೀಕ್ಷೆ ಮಾಡಿದರು. ಉಸಿರಿನಲ್ಲೇ ಏರಿಳಿತ ಹಿಡಿದು, ಕಾಲು ಬಡಿಯದೆ ನಿಲ್ಲಬೇಕು. ಇಬ್ಬರನ್ನು ದೋಣಿಯಲ್ಲೇ ಉಳಿಸಿದರು. ಒಬ್ಬನಿಗೆ ಸಿಟ್ಟು ಬಂತು. ನನಗೆ ಸರಿಯೆನಿಸಿತು: ಹವಳ ಉಳಿಸುವ ಭರದಲ್ಲಿ ಕಾಲಿಗೆ ತೊಟ್ಟ ಫಿನ್‌ನಿಂದ ಹವಳ ಮುರಿಯುವವರನ್ನು ಸಾಕಷ್ಟು ನೋಡಿದ್ದೇನೆ.

ಕೈಗೆ ಕೊಟ್ಟದ್ದು ದನಗಳಿಗೆ ಲಸಿಕೆ ಹಾಕುವ ಥರದ ಗನ್ನು, ಉದ್ದ ಸೂಜಿ, ಸೊಂಟಕ್ಕೆ ಕಟ್ಟಿದ ವಿನಿಗರ್ ಚೀಲ. ಮುಂಚೆ ಬಳಸುತ್ತಿದ್ದ ಸೋಡಿಯಂ ಬೈಸಲ್ಫೇಟ್ ಎಂಬ ರಾಸಾಯನಿಕವನ್ನು ಒಂದೊಂದಕ್ಕೂ ಹತ್ತಾರು ಕಡೆ ಚುಚ್ಚಬೇಕಿತ್ತಂತೆ. ಅಂಗಡಿಯ ವಿನಿಗರ್ ಸರಿಯಾದ ಪ್ರಮಾಣದಲ್ಲಿ ಒಳಗಿಳಿದರೆ ಎರಡು ದಿನದಲ್ಲಿ ಕೆಲಸ ಮುಗಿಸುತ್ತದೆ ಎಂದು ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದವರು ತೋರಿಸಿಕೊಟ್ಟ ಮೇಲೆ ಬಡ ದ್ವೀಪಗಳಿಗೂ ಇದು ಕೈಗೆಟುಕಿತು.

ಕೆಳಗೆ ಹುಡುಕಬೇಕಾದ್ದು ಪ್ರಾಣಿಯನ್ನಲ್ಲ, ಅದು ತಿಂದ ಗುರುತನ್ನು. ಹಗಲು ಇವು ಬಂಡೆಯಡಿ ಅಡಗುವುದೇ ಹೆಚ್ಚು. ಬಿಳಿ ಕಂಡಲ್ಲೆಲ್ಲ ಓಡುವಂತಿಲ್ಲ. ಬಿಸಿಗೆ ಬಿಳಿಚಿದ ಹವಳದ ಮೇಲೆ ಪಾರದರ್ಶಕ ಜೀವಪೊರೆ ಇನ್ನೂ ಇರುತ್ತದೆ, ತಿಂದು ಬಿಟ್ಟದ್ದು ಪೂರ್ತಿ ಬೋಳು. ಅಚ್ಚ ಬಿಳಿಯಾದರೆ ಈಚಿನದು, ಹಸಿರು ಪಾಚಿ ಕಟ್ಟಿದ್ದರೆ ಹಳೆಯದು. ಬಿಳಿಯ ಅಂಚು ಹಿಡಿದು ಹೊರಟರೆ ಎಲ್ಲೋ ಪಕ್ಕದ ಸಂದಿಯಲ್ಲಿ ಒಂದು ಮುಳ್ಳಿನ ತುದಿ ಕಾಣುತ್ತದೆ. ಗದ್ದೆಯಲ್ಲಿ ಕಳೆ ಕೀಳುವ ಹಾಗೆ ಕೆಲಸ: ಈ ಸಾಲು ಮುಗಿಯಿತು ಎನ್ನುವಷ್ಟರಲ್ಲಿ ಹಿಂದೆ ಒಂದು ನಿಂತಿರುತ್ತದೆ.

ಮೊದಲನೆಯದಕ್ಕೆ ಚುಚ್ಚುವಾಗ ಕೈ ತಡೆಯಿತು. ಸೂಜಿ ಒಳಹೋದಾಗ ಅದು ಓಡಲಿಲ್ಲ, ತೋಳುಗಳನ್ನು ನಿಧಾನಕ್ಕೆ ಒಳಗೆಳೆದುಕೊಂಡಿತು ಅಷ್ಟೇ. ಆಮೇಲಾಮೇಲೆ ಕೈ ತಾನೇ ಪಳಗಿತು. ಪಳಗಿದ್ದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಊಟದ ಹೊತ್ತಿಗೆ ಅಬಾಂಗ್ ಜೊತೆ ಮಾತಿಗೆ ಕೂತೆ. ತಂಡದ ಹಿರಿಯ ಅವರು, ಅದೇ ದ್ವೀಪದವರು. ದೊಡ್ಡ ಟ್ರೈಟನ್ ಶಂಖದ ಹುಳು ಇವನ್ನು ಬೇಟೆಯಾಡಿ ತಿನ್ನುತ್ತದೆ, ಆದರೆ ಚೆಂದದ ಚಿಪ್ಪಿನಾಸೆಗೆ ಜನ ಅದನ್ನೇ ಬರಿದು ಮಾಡಿದರು ಎಂದರು. ನೆಪೋಲಿಯನ್ ಮೀನು ಸಹ ಇವನ್ನು ತಿನ್ನುತ್ತದೆ, ಅದು ಹೋಟೆಲುಗಳ ತಟ್ಟೆಗೆ ಹೋಯಿತು. ಇನ್ನು ಗೊಬ್ಬರ, ಕೊಳಚೆ ಹರಿದು ಸಮುದ್ರ ಸೇರಿದಲ್ಲಿ ಸೂಕ್ಷ್ಮ ಪಾಚಿ ಹೆಚ್ಚುತ್ತದೆ, ಅದನ್ನು ತಿಂದು ಇವುಗಳ ಮರಿಗಳು ಹೆಚ್ಚು ಬದುಕುತ್ತವೆ ಎಂಬ ವಾದವಿದೆ. ಒಂದು ಹೆಣ್ಣು ಒಂದು ಋತುವಿನಲ್ಲಿ ಕೋಟಿಗಟ್ಟಲೆ ಮೊಟ್ಟೆ ಬಿಡುವುದರಿಂದ ಬದುಕುಳಿಯುವ ಪ್ರಮಾಣ ಚೂರು ಏರಿದರೂ ಸಾಕು. ನಾವು ಚುಚ್ಚುವ ವಿನಿಗರ್ ಇದ್ಯಾವುದನ್ನೂ ಸರಿಪಡಿಸುವುದಿಲ್ಲ. ಹವಳಕ್ಕೆ ಒಂದಿಷ್ಟು ಗಡುವು ಕೊಡಿಸುತ್ತದೆ. ಅಮ್ಮನಿಗೆ ಕೊಡಬಹುದಾಗಿದ್ದ ಉತ್ತರವೂ ಅಷ್ಟೇ ಇತ್ತು.

ಫೋಟೊ ಬೇಕಿದ್ದವರಿಗೆ ನಿರಾಸೆಯೇ. ಕಿತ್ತು ತಂದು ದಡದಲ್ಲಿ ಹೂಳುವ ಪದ್ಧತಿಯಲ್ಲಾದರೆ ರಾಶಿಯೆದುರು ನಿಲ್ಲಬಹುದಿತ್ತು. ಇಲ್ಲಿ ಸತ್ತದ್ದು ಅಲ್ಲೇ ಕರಗಿ ಮೀನಿಗೆ ಆಹಾರ. ನಮ್ಮ ಪಾಲಿಗೆ ಉಳಿದದ್ದು ನೀರಿನೊಳಗೆ ಬರೆಯುವ ಸ್ಲೇಟಿನ ಮೇಲೆ ಆಳ, ಗಾತ್ರ, ಸಂಖ್ಯೆ.

ಭಾನುವಾರ ದೋಣಿ ಹೊರಡುವ ಮೊದಲು, ಗನ್ನಿಲ್ಲದೆ, ಬರೀ ನೋಡಲು ಅದೇ ಜಾಗಕ್ಕೆ ಇಳಿದೆವು. ಚುಚ್ಚಿದವುಗಳ ಮುಳ್ಳು ಜೋತುಬಿದ್ದಿತ್ತು, ಚಿಟ್ಟೆಮೀನುಗಳು ಕುಕ್ಕುತ್ತಿದ್ದವು. ಪಕ್ಕದ ಮೇಜು ಹವಳದ ಮೇಲೆ, ನಿನ್ನೆ ಕಾಣದ ಹೊಸದೊಂದು ಆರಾಮಾಗಿ ಹರಡಿಕೊಂಡು ಮೇಯುತ್ತಿತ್ತು. ಅಬಾಂಗ್ ಕಡೆ ನೋಡಿದೆ. ಅವರು ಸ್ಲೇಟ್ ತೋರಿಸಿದರು. ಆಳ, ಗಾತ್ರ ಬರೆದುಕೊಂಡೆ. ಮುಂದಿನ ವಾರದ ತಂಡಕ್ಕೆ ಅದೇ ಮೊದಲ ಸಾಲು.