ಗಾಳದವರು ನಿಲ್ಲುವ ಜಾಗ

9 ನವೆಂಬರ್ 2025, ಭಾನುವಾರ

ಬೆಳಿಗ್ಗೆ ಐದೂವರೆಗೆ ಕಡಲ ತಡಿಗೆ ಹೋದೆ. ಹುಣ್ಣಿಮೆ ಕಳೆದು ನಾಲ್ಕು ದಿನ, ನೀರು ಇಳಿಯುತ್ತಿತ್ತು. ಗಾಳಿಮರಗಳ ಕೆಳಗೆ ಆಗಲೇ ಆರೇಳು ಮಂದಿ ಸೇರಿದ್ದರು, ಆದರೆ ಮೀನಿನ ಸುದ್ದಿ ಯಾರ ಬಾಯಲ್ಲೂ ಇರಲಿಲ್ಲ. ಶುಕ್ರವಾರ ಪಂಚಾಯಿತಿಯ ಫಲಕಕ್ಕೆ ಅಂಟಿಸಿದ ಪ್ರಸ್ತಾವದ್ದೇ ಮಾತು. ಸ್ನಾನಕ್ಕಿಳಿಯುವ ಪ್ರವಾಸಿಗರ ಸುರಕ್ಷತೆಗೆಂದು ಪಾರ್ಕಿಂಗ್ ಜಾಗದಿಂದ ತೋಡು ಕಡಲು ಸೇರುವಲ್ಲಿಯವರೆಗೆ ಇನ್ನು ಗಾಳ ಹಾಕುವಂತಿಲ್ಲ, ಬೀಸುಬಲೆಯೂ ಇಲ್ಲ. ದಡದಲ್ಲಿ ನಿಂತು ಉದ್ದ ಬಲೆಯನ್ನು ಕೈಯಿಂದ ಎಳೆಯುವ ಕೈರಂಪಣಿಯವರಿಗೆ ವಿನಾಯಿತಿ ಇದೆ. ನಾವು ಅಳಿವೆಯ ಕಲ್ಲುದಂಡೆಗೆ ಹೋಗಬೇಕಂತೆ. ಆಕ್ಷೇಪಣೆಗೆ 15 ದಿನ.

ಕಸಿವಿಸಿಯಲ್ಲೇ ದಾರ ಬಿಚ್ಚಿದೆ. ಕಾಣೆ ಮೀನಿನ ಬಾಯಿ ಚಿಕ್ಕದು, ದೊಡ್ಡ ಗಾಳವನ್ನು ಅದು ಮುಟ್ಟುವುದಿಲ್ಲ. ಸಣ್ಣ ಗಾಳಕ್ಕೆ ಸಿಪ್ಪೆ ಸುಲಿದ ಸಿಗಡಿಯ ತುಂಡು ಚುಚ್ಚಿ, ಸೀಸ ಮರಳಿಗೆ ತಾಗುವವರೆಗೆ ಬಿಟ್ಟು, ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕಾಯಬೇಕು. ಬೆರಳಿಗೆ ಎರಡು ಸಲ ಸಣ್ಣಗೆ ಬಡಿದಂತಾಗುತ್ತದೆ. ಮೊದಲ ಬಡಿತಕ್ಕೇ ಎಳೆದರೆ ಬರಿಗಾಳ. ಏಳು ಗಂಟೆಯೊಳಗೆ ಎರಡು ಸಿಕ್ಕವು, ಒಂದು ಗೇಣಿಗಿಂತ ಉದ್ದ.

ನಾವು ದಡದ ಮೇಲೆ ಕಂಡಲ್ಲಿ ನಿಲ್ಲುವವರಲ್ಲ. ಅಲೆಗಳು ಸಾಲಾಗಿ ಒಡೆದು ನೊರೆ ಎದ್ದಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯುವುದಿಲ್ಲ. ನೀರು ಕಪ್ಪಾಗಿ, ತೆಪ್ಪಗಿರುವಂತೆ ಕಾಣುತ್ತದೆ. ಅಲ್ಲಿ ಮರಳು ಕೊರೆದು ಓಣಿಯಾಗಿರುತ್ತದೆ. ದಡಕ್ಕೆ ನುಗ್ಗಿದ ನೀರು ಕಡಲಿಗೆ ಮರಳುವುದು ಆ ಓಣಿಯಿಂದ. ಮರಳಿನಿಂದ ಎದ್ದ ಹುಳ, ಸಣ್ಣ ಸಿಗಡಿ ಅದರ ಜೊತೆ ಹರಿದುಹೋಗುತ್ತವೆ, ಮೀನು ಅವನ್ನು ಹುಡುಕಿಕೊಂಡು ಬರುತ್ತದೆ, ಮೀನನ್ನು ಹುಡುಕಿಕೊಂಡು ನಾವು. ಘಟ್ಟದ ಮೇಲಿನಿಂದ ಬಂದವರಿಗೆ ಮಾತ್ರ ಅದು ಅಲೆಯಿಲ್ಲದ ಒಳ್ಳೆಯ ಜಾಗವಾಗಿ ಕಾಣುತ್ತದೆ. ಮಕ್ಕಳನ್ನು ಇಳಿಸುವುದು ಅಲ್ಲಿಗೇ.

ಇವತ್ತೂ ಹಾಗೇ ಆಯಿತು. ಒಂದು ಕುಟುಂಬ ಕಾರಿನಿಂದ ಇಳಿದು ನೇರ ನಮ್ಮ ಪಕ್ಕಕ್ಕೆ ಬಂದು, ಐದಾರು ವರ್ಷದ ಹುಡುಗನ ಚಪ್ಪಲಿ ಬಿಚ್ಚಿಸುತ್ತಿತ್ತು. ನನ್ನ ಹೆಂಡತಿಯ ಸೋದರಮಾವ (ನಮಗೆಲ್ಲರಿಗೂ ಅವರು ಮಾವನೇ) ದಾರ ಕೆಳಗಿಟ್ಟು ಹೋದರು. "ತಂಗಿ, ಇಲ್ಲಿ ಸೆಳೆತ ಇದೆ. ಮಗುವನ್ನು ಕರೆದುಕೊಂಡು ನೂರು ಹೆಜ್ಜೆ ಆಚೆ ಹೋಗಿ." ಆಕೆಗೆ ನಂಬಿಕೆ ಬರಲಿಲ್ಲ. "ಇಲ್ಲೇ ಶಾಂತವಾಗಿದೆಯಲ್ಲ?" ಎಂದರು. ಮಾವ ವಾದ ಮಾಡಲಿಲ್ಲ. ಬಿದ್ದಿದ್ದ ಒಣ ತೆಂಗಿನ ಸಿಪ್ಪೆಯೊಂದನ್ನು ಎತ್ತಿ ಮೊಣಕಾಲುದ್ದ ನೀರಿಗೆ ಎಸೆದರು. ಸಿಪ್ಪೆ ಒಂದು ಕ್ಷಣ ತಿರುಗಿ, ಆಮೇಲೆ ಯಾರೋ ಹಗ್ಗ ಕಟ್ಟಿ ಎಳೆದಂತೆ ಹೊರಟಿತು. ನಾನು ಅರವತ್ತು ಎಣಿಸುವಷ್ಟರಲ್ಲಿ ಅಲೆಯ ಸಾಲನ್ನು ದಾಟಿತ್ತು. ಆ ತಾಯಿ ಹುಡುಗನ ತೋಳು ಹಿಡಿದ ಬಿಗಿಗೆ ಅವನು ಅತ್ತುಬಿಟ್ಟ.

ಪ್ರಸ್ತಾವದ ಜೊತೆಗಿನ ನಕ್ಷೆಯಲ್ಲಿ ಸ್ನಾನದ ವಲಯವೆಂದು ನೀಲಿ ಬಣ್ಣ ತುಂಬಿದ್ದಾರೆ. ಆ ಸಿಪ್ಪೆ ಹೋದ ದಾರಿ ಸರಿಯಾಗಿ ಅದರ ನಡುವೆ ಇದೆ. ನಕ್ಷೆ ಮಾಡಿದವರನ್ನೂ ಪೂರ್ತಿ ದೂರಲಾರೆ. ಮಳೆಗಾಲದಲ್ಲಿ ಕಡಲು ದಡದ ಮರಳನ್ನು ಒಯ್ಯುತ್ತದೆ, ಮಳೆ ನಿಂತ ಮೇಲೆ ತಂದು ಹಾಕುತ್ತದೆ, ಓಣಿ ಹೋದ ವರ್ಷ ಇದ್ದಲ್ಲಿ ಈ ವರ್ಷ ಇರುವುದಿಲ್ಲ. ಅದನ್ನು ದಿನವೂ ನೋಡುವವರನ್ನೇ ಅಲ್ಲಿಂದ ಎಬ್ಬಿಸಿದರೆ ಹೇಳುವವರು ಯಾರು?

2020ರ ಅಕ್ಟೋಬರಿನಲ್ಲಿ ಪಡುಬಿದ್ರಿ ಕಡಲತೀರಕ್ಕೂ ಹೊನ್ನಾವರದ ಕಾಸರಕೋಡಿಗೂ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದಾಗ ನಾನೂ ಹೆಮ್ಮೆಪಟ್ಟವನು. ನಮ್ಮೂರಿಗೂ ಪ್ರವಾಸಿಗರು ಬರಲಿ; ನನ್ನ ಅಕ್ಕನ ಎಳನೀರಿನ ಅಂಗಡಿ ನಡೆಯುವುದೇ ಅವರಿಂದ. ನಮ್ಮ ಕಡೆಯ ತಪ್ಪೂ ಇದೆ. ತುಂಡಾದ ನೈಲಾನ್ ದಾರವನ್ನು ಮರಳಲ್ಲೇ ಬಿಟ್ಟು ಹೋಗುವವರಿದ್ದಾರೆ. ಪಾದಕ್ಕೆ ಗಾಳ ಚುಚ್ಚಿಕೊಂಡು ಕುಂಟುತ್ತಿದ್ದ ನಾಯಿಯನ್ನು ನಾನೇ ಹಿಡಿದು ಬಿಡಿಸಿದ್ದೇನೆ. ಕಡಲಾಮೆ ಮೊಟ್ಟೆಯಿಡಲು ಬರುವ ತಿಂಗಳುಗಳಲ್ಲಿ ರಾತ್ರಿ ದಡ ಬಿಟ್ಟುಕೊಡಿ ಎಂದರೆ ಎರಡು ಮಾತಿಲ್ಲದೆ ಒಪ್ಪುತ್ತೇನೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಗಾಳ ಬೇಡ ಎಂದರೂ ಸರಿ, ಆ ಬಿಸಿಲಿಗೆ ಕಾಣೆ ಹೇಗೂ ಕಚ್ಚುವುದಿಲ್ಲ.

ಆದರೆ ಕಲ್ಲುದಂಡೆ ಬೇಡ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಪೇಟೆಯಲ್ಲಿ ಮೀನಿನ ಬೆಲೆ ಕೇಳಲಾಗದ ಆ ದಿನಗಳಲ್ಲಿ ಮಳೆ ಬಿಡುವು ಕೊಟ್ಟಾಗ ಒಂದು ಹೊತ್ತಿನ ಸಾರಿಗೆಂದು ಗಾಳ ಹಿಡಿದು ಬರುವವರು ದೋಣಿಯಿಲ್ಲದವರು, ವಯಸ್ಸಾದವರು. ಮರಳಿನ ಮೇಲೆ ದೊಡ್ಡ ಅಲೆ ಕಂಡರೆ ಹತ್ತು ಹೆಜ್ಜೆ ಹಿಂದೆ ಓಡಬಹುದು. ಪಾಚಿಗಟ್ಟಿದ ಕಲ್ಲಿನ ಮೇಲೆ ಎಲ್ಲಿಗೆ ಓಡುವುದು? ಮಾವನಿಗೆ ಈಗ 71. ಅವರನ್ನು ಅಲ್ಲಿಗೆ ಕಳಿಸುವ ಕಾಗದಕ್ಕೆ ಸುರಕ್ಷತೆಯ ಹೆಸರು ಇಟ್ಟಿರುವುದು ನನಗೆ ಸಹಿಸಲಾಗುತ್ತಿಲ್ಲ.

ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಕುಳಿತು ಆಕ್ಷೇಪಣೆ ಬರೆದೆವು. ಮೂರು ಸಲ ಹರಿದು ನಾಲ್ಕನೆಯ ಸಲಕ್ಕೆ ಒಂದೇ ಪುಟಕ್ಕೆ ಇಳಿಯಿತು. ಸಂಜೆಯೊಳಗೆ 43 ಸಹಿ ಬಂದವು. ಒಂಬತ್ತು ಮಂದಿ ಹೆಂಗಸರು, ಅದರಲ್ಲಿ ಇಬ್ಬರು ನನಗಿಂತ ಚೆನ್ನಾಗಿ ಗಾಳ ಹಾಕುವವರು. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಫೋನ್ ಮಾಡಿ, ನಾಳೆ ಬೆಳಿಗ್ಗೆ ಇಳಿತದ ಹೊತ್ತಿಗೆ ದಡಕ್ಕೆ ಬನ್ನಿ, ನಕ್ಷೆಯನ್ನೂ ತನ್ನಿ ಎಂದು ಕೇಳಿಕೊಂಡೆ. ಬರುತ್ತೇನೆ ಎಂದಿದ್ದಾರೆ.

ಮಾವ ನಾಲ್ಕು ಒಣ ಸಿಪ್ಪೆ ಆರಿಸಿ ಚೀಲಕ್ಕೆ ಹಾಕಿಟ್ಟಿದ್ದಾರೆ.