ಜಗಲಿ ಗೋಡೆಯ ಮೇಲೆ ಪಿಟ್ಸ್‌ಬರ್ಗ್

ಹೋದ ಸಲ ತೀರ್ಥಹಳ್ಳಿಗೆ ಬಂದಾಗ ಚಾಕಲೇಟಿಗಿಂತ ಜೋಪಾನವಾಗಿ ತಂದದ್ದು ಒಂದು ರಟ್ಟಿನ ಕೊಳವೆ. ಅದರೊಳಗೆ ಸುರುಳಿ ಸುತ್ತಿದ ಪಿಟ್ಸ್‌ಬರ್ಗ್ ಇತ್ತು. ಈಗಿನದಲ್ಲ, 1902ರದ್ದು.

"ನೀನಿರೋ ಊರು ಹೇಗಿದೆ ಅಂತ ಒಂದ್ಸಲ ಸರಿಯಾಗಿ ತೋರಿಸೋ" ಎಂದು ಅಮ್ಮ ವರ್ಷಗಳಿಂದ ಕೇಳುತ್ತಿದ್ದಳು. ವಿಡಿಯೋ ಕಾಲಿನಲ್ಲಿ ಅವಳಿಗೆ ಕಂಡದ್ದು ನಮ್ಮ ಅಡುಗೆಮನೆ ಮತ್ತು ಹಿಮ ಹೊದ್ದ ಕಾರು, ಅಷ್ಟೇ. ಫೋನಿನಲ್ಲಿ ಮ್ಯಾಪ್ ತೆಗೆದು ಕೊಟ್ಟರೆ "ಇದ್ರಲ್ಲಿ ಬರೀ ಗೆರೆ" ಅಂದುಬಿಟ್ಟಳು. ತಪ್ಪಿಲ್ಲ ಬಿಡಿ.

ನಾನು ತಂದದ್ದು ಗೆರೆಯ ನಕ್ಷೆಯಲ್ಲ, ಹಕ್ಕಿನೋಟದ ಚಿತ್ರ. ಮನೆ, ಚರ್ಚು, ಸೇತುವೆ, ರೈಲು, ಹೊಳೆಯ ಮೇಲಿನ ದೋಣಿ ಎಲ್ಲ ಒಂದೊಂದಾಗಿ ಬಿಡಿಸಿದ್ದು. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಇವುಗಳ ಹುಚ್ಚು ಜೋರಾಯಿತಂತೆ. ಚಿಕ್ಕ ಚಿಕ್ಕ ಊರುಗಳೂ ಬರೆಸಿಕೊಂಡವು. ಚಿತ್ರಕಾರ ಊರಿಗೆ ಬರುತ್ತಿದ್ದ, ಮೊದಲೇ ಗಿರಾಕಿಗಳನ್ನು ಹಿಡಿಯುತ್ತಿದ್ದ. ಕಾಸು ಕೊಟ್ಟ ಅಂಗಡಿಯವನ ಕಟ್ಟಡಕ್ಕೆ ಅಂಚಿನಲ್ಲಿ ಬೇರೆಯೇ ಒಂದು ಚೌಕ ಸಿಗುತ್ತಿತ್ತು. ಎಲ್ಲ ಚಿಮಣಿಯಲ್ಲೂ ದಟ್ಟ ಹೊಗೆ, ಯಾಕೆಂದರೆ ಆಗ ಹೊಗೆ ಎಂದರೆ ಊರು ಉದ್ಧಾರವಾಗುತ್ತಿದೆ ಎಂದರ್ಥ. ನಮ್ಮ ಕಡೆ ಅಡಿಕೆಗೆ ರೇಟು ಬಂದ ವರ್ಷ ಮನೆಯ ಗೇಟು ಬದಲಾಗುತ್ತದಲ್ಲ, ಹಾಗೆ.

ಜಗಲಿಯಲ್ಲಿ ಬಿಚ್ಚಿ ಹರಡಿದಾಗ ಮೊದಲು ಬಗ್ಗಿದ್ದು ಚಿಕ್ಕಪ್ಪ. ಭದ್ರಾವತಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಕವಳ ಬಾಯಲ್ಲಿಟ್ಟುಕೊಂಡೇ ಚಿಮಣಿ ಎಣಿಸಲು ಶುರು ಮಾಡಿದರು. ನಲವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಆಮೇಲೆ ತಲೆ ಎತ್ತಿ ಕೇಳಿದರು, "ಇಸವಿ 1902 ಅಂತೀಯ. ವಿಮಾನ ಹಾರಿದ್ದೇ ಮರುವರ್ಷ. ಮತ್ತೆ ಇವನು ಎಲ್ಲಿ ಹತ್ತಿ ನೋಡಿದ?"

ಎಲ್ಲೂ ಹತ್ತಿರಲಿಲ್ಲ, ಅದೇ ಸೋಜಿಗ. ಬಲೂನಿನಿಂದ ಬರೆದದ್ದು ಎಂದು ನಾನೂ ಅಂದುಕೊಂಡಿದ್ದೆ. ಇದನ್ನು ಬರೆದ ಥ್ಯಾಡಿಯಸ್ ಫೌಲರ್ ಥರದವರು ಬೀದಿ ಬೀದಿ ನಡೆದು ಒಂದೊಂದೇ ಕಟ್ಟಡದ ಚಿತ್ರ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ಆಮೇಲೆ ಎಲ್ಲವನ್ನೂ ಓರೆಯಾಗಿ ಮೇಲಿಂದ ಕಂಡಂತೆ ಜೋಡಿಸುತ್ತಿದ್ದರು. ಅಳತೆ ಪಕ್ಕಾ ಇರುವುದಿಲ್ಲ, ಆದರೆ ಕಿಟಕಿಗಳ ಸಾಲು ಕೂಡ ಕಾಣುತ್ತದೆ. ಆಮೇಲೆ ಕಲ್ಲಚ್ಚಿನಲ್ಲಿ ಮುದ್ರಣ. ಫೌಲರ್ ಹೀಗೆ ನಾನೂರಕ್ಕೂ ಹೆಚ್ಚು ಊರಿನ ಚಿತ್ರ ಮಾಡಿದ. 1922ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಮತ್ತೊಂದು ಊರಿನ ಕೆಲಸಕ್ಕೆ ಹೋಗಿದ್ದಾಗ ಮಂಜುಗಟ್ಟಿದ ಬೀದಿಯಲ್ಲಿ ಜಾರಿಬಿದ್ದು ತೀರಿಕೊಂಡ. "ಪಾಪ" ಎಂದಳು ಅಮ್ಮ, ನಿನ್ನೆ ಮೊನ್ನೆ ಹೋದವನ ಹಾಗೆ.

ನಮ್ಮವರಿಗೆ ಚಿತ್ರ ಹತ್ತಿರವಾದದ್ದು ಹೊಳೆಯಿಂದ. ಮೊನೊಂಗಹೀಲಾ, ಅಲೆಘೆನಿ ಎರಡೂ ಪಿಟ್ಸ್‌ಬರ್ಗಿನಲ್ಲಿ ಕೂಡುತ್ತವೆ. ಅಲ್ಲಿಂದ ಮುಂದೆ ಹರಿಯುವುದು ಓಹಿಯೋ. "ಥೇಟ್ ಕೂಡ್ಲಿ" ಎಂದರು ಚಿಕ್ಕಪ್ಪ. ಸ್ವಲ್ಪ ಯೋಚಿಸಿ, "ಆದ್ರೆ ನಮ್ದು ವಾಸಿ. ತುಂಗೆ, ಭದ್ರೆ ಇಬ್ಬರ ಹೆಸರೂ ಉಳಿದಿದೆ. ನಿಮ್ಮಲ್ಲಿ ಮೂರನೆಯವನು ಬಂದು ಹೆಸರು ಹೊಡ್ಕೊಂಡು ಹೋದ" ಅಂದರು.

ಇದು ಎರಡನೇ ಪ್ರತಿ ಎಂದು ಹೇಳಿಬಿಡಬೇಕು. ಮೊದಲನೆಯದನ್ನು ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಕೊಂಡಿದ್ದೆ. ಸುಮ್ನೆ ಕಂದು ಬಣ್ಣ ಬಳಿದು ಹಳೆಯದು ಎನ್ನಿಸಿದ ಮಾಲು, ಅಕ್ಷರ ಓದಲೇ ಆಗುತ್ತಿರಲಿಲ್ಲ. ಮೇಲಿಂದ ನಾನೇ ಗಾಜಿಗೆ ತಾಗಿಸಿ ಫ್ರೇಮ್ ಹಾಕಿಸಿ, ಮಳೆ ಎರಚಲು ಹೊಡೆಯುವ ಗೋಡೆಗೇ ತೂಗುಹಾಕಿದೆ. ಮಲೆನಾಡಿನಲ್ಲಿ ಹುಟ್ಟಿದವನು ಮಾಡುವ ಕೆಲಸವಾ ಅದು? ಒಂದೇ ಮಳೆಗಾಲಕ್ಕೆ ಅರ್ಧ ಊರು ಬೂಷ್ಟು, ಇನ್ನರ್ಧ ಗಾಜಿಗೆ ಅಂಟಿಕೊಂಡಿತ್ತು.

ಈ ಸಲ ದುಡ್ಡು ಹೋದದ್ದು ಮುದ್ರಣಕ್ಕೆ ಮಾತ್ರ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ದೊಡ್ಡ ಫೈಲೇ ಇಳಿಸಿ, ಮೂರಡಿ ಅಗಲಕ್ಕೆ ಹೊಳಪಿಲ್ಲದ ಕಾಗದದಲ್ಲಿ ಹೊಡೆಸಿದೆ. ಚಿಕ್ಕದಾಗಿ ಮಾಡಿಸಿದರೆ ವ್ಯರ್ಥ, ಜನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ಹುಡುಕಬೇಕು. ಇದರ ರುಚಿಯೇ ಅದು. ಶಿವಮೊಗ್ಗದಲ್ಲಿ ಫ್ರೇಮ್ ಹಾಕಿಸುವಾಗ ಗಾಜಿಗೂ ಕಾಗದಕ್ಕೂ ನಡುವೆ ಸುತ್ತ ರಟ್ಟಿನ ಅಂಚು ಕೊಡಿಸಿದೆ. ಹಿಂದಿನ ನಾಲ್ಕು ಮೂಲೆಗೆ ಬಾಟಲಿಯ ಬಿರಡೆ ಕತ್ತರಿಸಿ ಅಂಟಿಸಿದೆವು, ಗೋಡೆಗೆ ತಾಗದೆ ಗಾಳಿ ಆಡಲಿ ಅಂತ. ತೂಗಿದ್ದು ಒಳಗೋಡೆಗೆ. ಒರಲೆಯ ಜವಾಬ್ದಾರಿ ಚಿಕ್ಕಪ್ಪನದು.

ಈಗ ಬಂದವರೆಲ್ಲ ಅದರ ಮುಂದೆ ನಿಲ್ಲುತ್ತಾರಂತೆ. "ನಿಮ್ಮ ಮಗನ ಮನೆ ಯಾವುದು?" ಅದೇ ಪ್ರಶ್ನೆ. ತೊಂದರೆ ಏನೆಂದರೆ ನಾವಿರುವ ಮನ್ರೋವಿಲ್ ಆ ಚಿತ್ರದಲ್ಲಿಲ್ಲ, ಊರು ಮುಗಿದ ಮೇಲೂ ಎಷ್ಟೋ ಮೈಲಿ ಆಚೆ. ಅಮ್ಮನಿಗೆ ಹಾಗೆಂದು ಹೇಳಿದ್ದೆ.

ಮೊನ್ನೆ ವಿಡಿಯೋ ಕಾಲಿನಲ್ಲಿ ಅವಳು ಜಗಲಿಗೆ ಹೋಗಿ ಫೋನ್ ಗೋಡೆಗೆ ಹಿಡಿದಳು. ಫ್ರೇಮಿನಿಂದ ಒಂದು ಗೇಣು ಆಚೆ, ಬರೀ ಸುಣ್ಣದ ಗೋಡೆಯ ಮೇಲೆ, ಅವಳ ಕೆಂಪು ಸ್ಟಿಕರ್ ಬಿಂದಿ ಒಂದು ಅಂಟಿಕೊಂಡಿತ್ತು.